ನಲವತ್ತರ ಹಲ್ಲಿಗೆ ಕ್ಲಿಪ್ಪು

ಹಲ್ಲು ನೇರ ಮಾಡಿಸುವುದು ಶಾಲೆಗೆ ಹೋಗುವ ಮಕ್ಕಳ ಬಾಬತ್ತು ಎಂಬ ನಂಬಿಕೆ ಸಡಿಲಗೊಳ್ಳುತ್ತಿದೆ. ನಡುವಯಸ್ಸಿನವರೂ ಈಗ ವಕ್ರದಂತ ತಜ್ಞರ ಬಾಗಿಲು ತಟ್ಟುತ್ತಿದ್ದಾರೆ. ಅವರ ಬಾಯಲ್ಲಿ ವೈದ್ಯರು ಮೊದಲು ನೋಡಬೇಕಾದದ್ದು ಹಲ್ಲಿನ ಸುತ್ತಲಿನ ಒಸಡು ಮತ್ತು ಮೂಳೆಯನ್ನು.

ಮದುವೆ ಮನೆಯಲ್ಲಿ ಗುಂಪು ಫೋಟೊಗೆ ನಿಲ್ಲಿಸಿದಾಗ ತುಟಿ ಬಿಗಿಹಿಡಿಯುವವರು ಪ್ರತಿ ಬಳಗದಲ್ಲೂ ಇರುತ್ತಾರೆ. ನಗು ಉಕ್ಕಿದರೆ ಸೆರಗನ್ನೋ ಅಂಗೈಯನ್ನೋ ಬಾಯಿಗೆ ಅಡ್ಡ ಹಿಡಿಯುತ್ತಾರೆ. ಅವರದು ಸಂಕೋಚದ ಸ್ವಭಾವ ಎಂದು ಉಳಿದವರು ಅಂದುಕೊಂಡಿರುತ್ತಾರೆ. ಪಕ್ಕದಲ್ಲಿ ಕೂತು ಸಮಾಧಾನದಿಂದ ಕೇಳಿದರೆ ಬೇರೆಯೇ ಕಾರಣ ಹೊರಬರುತ್ತದೆ. ಶಾಲೆಯಲ್ಲಿ ಯಾರೋ ಇಟ್ಟ ಅಡ್ಡಹೆಸರು, ಹೆಣ್ಣು ನೋಡಲು ಬಂದವರು 'ಹುಡುಗಿ ಲಕ್ಷಣವಾಗಿದ್ದಾಳೆ, ಹಲ್ಲೇ ಸ್ವಲ್ಪ ಮುಂದೆ' ಎಂದು ಹೇಳಿಹೋದ ಮಾತು, ಸಂದರ್ಶನಕ್ಕೆ ಹೋದಾಗ ಎದುರಿಗೆ ಕೂತವರ ಕಣ್ಣು ತಮ್ಮ ಬಾಯಿಯ ಮೇಲೇ ನಿಂತಂತೆ ಅನಿಸಿದ ಗಳಿಗೆ. ಈ ನೋವು ಚಿಕ್ಕದೆಂದು ತಳ್ಳಿಹಾಕುವುದು ಸುಲಭ. ಹೊತ್ತವರಿಗೆ ಮಾತ್ರ ಅದರ ಭಾರ ಗೊತ್ತು.

ಬಾಲ್ಯದಲ್ಲೇ ಸರಿಮಾಡಿಸಬಹುದಿತ್ತಲ್ಲ ಎನ್ನಬಹುದು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಇಂದು ನಲವತ್ತು-ಐವತ್ತರಲ್ಲಿರುವವರ ಬಾಲ್ಯದಲ್ಲಿ ಬಹಳಷ್ಟು ತಾಲ್ಲೂಕುಗಳಲ್ಲಿ ಹಲ್ಲಿನ ವೈದ್ಯರೆಂದರೆ ನೋವು ಬಂದಾಗ ಹಲ್ಲು ಕೀಳುವವರು. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಶುರುವಾದದ್ದು 1958ರಲ್ಲಿ, ಮಣಿಪಾಲದ್ದು 1965ರಲ್ಲಿ. ವಕ್ರದಂತ ತಜ್ಞರ ಭಾರತೀಯ ಸಂಘ ಹುಟ್ಟಿದ್ದೂ 1965ರಲ್ಲೇ. ಈ ವಿದ್ಯೆ ಜಿಲ್ಲಾ ಕೇಂದ್ರಗಳಿಗೆ ಹಬ್ಬುವ ಹೊತ್ತಿಗೆ ಆ ಪೀಳಿಗೆ ಬೆಳೆದುಬಿಟ್ಟಿತ್ತು. ಈಗ ಕೈಯಲ್ಲಿ ನಾಲ್ಕು ಕಾಸಿದೆ, ಊರಲ್ಲಿ ತಜ್ಞರಿದ್ದಾರೆ, ಮಗಳ ಕ್ಲಿಪ್ಪಿಗೆ ಜೊತೆಯಲ್ಲಿ ಹೋದ ತಾಯಿಗೆ 'ನನಗೂ ಆಗುತ್ತದೆಯೇ' ಎಂಬ ಪ್ರಶ್ನೆ ಮೂಡುತ್ತದೆ. ದಂತ ಕಾಲೇಜಿನ ಹೊರರೋಗಿ ವಿಭಾಗದಲ್ಲಿ 'ಅಮ್ಮಾ, ಮಗು ಎಲ್ಲಿ, ಕರೀರಿ' ಎಂದರೆ 'ಮಗು ಅಲ್ಲಪ್ಪ, ನನಗೇ ತೋರಿಸಬೇಕು' ಎನ್ನುವ ಉತ್ತರ ಈಗ ಅಪರೂಪವಲ್ಲ.

ಹಲ್ಲು ಸರಿಯುವುದು ಹೇಗೆ

ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ಮೂಳೆಯೊಳಗೆ ಬಿಗಿಯಾಗಿ ಕೂತಿದೆ ಎಂದು ನಾವು ಭಾವಿಸುತ್ತೇವೆ. ನಿಜದಲ್ಲಿ ಬೇರಿಗೂ ಮೂಳೆಗೂ ನಡುವೆ ನಾರುಗಳ ತೆಳುವಾದ ಪದರವೊಂದಿದೆ. ಅದರ ದಪ್ಪ ಸುಮಾರು 0.2 ಮಿಲಿಮೀಟರ್. ರಕ್ತನಾಳ, ನರ, ಜೀವಕೋಶಗಳೆಲ್ಲ ತುಂಬಿರುವ ಈ ಪದರವೇ ಇಡೀ ಚಿಕಿತ್ಸೆಯ ಜೀವಾಳ. ತಂತಿ ಹಲ್ಲನ್ನು ಒಂದು ಕಡೆಗೆ ಮೆಲ್ಲಗೆ ಒತ್ತಿದಾಗ, ಆ ಕಡೆಯ ನಾರು ಅದುಮಿಹೋಗಿ ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳು ಕೆಲಸ ಶುರುಮಾಡುತ್ತವೆ. ಹಿಂದಿನ ಕಡೆ ನಾರು ಎಳೆದುಕೊಂಡಾಗ ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್‌ಗಳು ಎಚ್ಚರಗೊಳ್ಳುತ್ತವೆ. ಮುಂದೆ ಮೂಳೆ ಕರಗುತ್ತ, ಹಿಂದೆ ಕಟ್ಟುತ್ತ ಹಲ್ಲು ತನ್ನ ಗೂಡನ್ನೂ ಜೊತೆಗೇ ಸಾಗಿಸುತ್ತದೆ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಟ್ 1904-05ರಲ್ಲಿ ನಾಯಿಗಳ ಹಲ್ಲು ಸರಿಸಿ, ಆ ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ ಇದನ್ನು ತೋರಿಸಿಕೊಟ್ಟರು.

ಜೋರಾಗಿ ಎಳೆದರೆ ಬೇಗ ಸರಿಯುವುದಿಲ್ಲ ಎಂಬುದೂ ಅವರ ಪ್ರಯೋಗದಲ್ಲೇ ಕಂಡಿತು. ಬಲ ಹೆಚ್ಚಾದರೆ ನಾರಿನ ರಕ್ತಸಂಚಾರ ನಿಂತು ಕೋಶಗಳು ಸಾಯುತ್ತವೆ, ಹಲ್ಲು ಅಲ್ಲೇ ನಿಲ್ಲುತ್ತದೆ. ಆದ್ದರಿಂದಲೇ ಒಂದು ಹಲ್ಲಿಗೆ ಕೊಡುವ ಬಲವನ್ನು ಗ್ರಾಮುಗಳಲ್ಲಿ ಎಣಿಸುತ್ತಾರೆ. ಜಾಗ ಮುಚ್ಚುವಾಗ ಹಲ್ಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಸರಿಯುತ್ತದೆ. ಉಳಿದ ಹಲ್ಲುಗಳಿಗೆ ಎಡೆ ಮಾಡಲು ಕೆಲವೊಮ್ಮೆ ಕೀಳುವ ಮುಂದವಡೆಹಲ್ಲಿನ ಜಾಗ ಸುಮಾರು ಏಳು ಮಿಲಿಮೀಟರ್. ಒಟ್ಟು ಚಿಕಿತ್ಸೆ ಒಂದೂವರೆ ಎರಡು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುವುದು ಈ ಲೆಕ್ಕದಿಂದಲೇ. ಆರು ತಿಂಗಳಲ್ಲಿ ಎಲ್ಲವನ್ನೂ ಮುಗಿಸಿಕೊಡುತ್ತೇವೆ ಎಂಬ ಜಾಹೀರಾತು ಕಂಡರೆ ಈ ಲೆಕ್ಕ ನೆನಪಿಗೆ ಬರಲಿ.

ಆಸ್ಟಿಯೋಕ್ಲಾಸ್ಟ್‌ಗಳು ಹತ್ತರಲ್ಲೂ ಐವತ್ತರಲ್ಲೂ ಇದೇ ಕೆಲಸ ಮಾಡುತ್ತವೆ. ದೊಡ್ಡವರಲ್ಲಿ ಮೊದಲ ಚಲನೆ ಶುರುವಾಗಲು ಸ್ವಲ್ಪ ತಡವಾಗುತ್ತದೆ, ಅಷ್ಟೆ. ಹಲ್ಲು ಸರಿಸಲು ವಯಸ್ಸಿನ ಗಡಿ ಇಲ್ಲ ಎಂದು ವೈದ್ಯರು ಹೇಳುವುದು ಬರೀ ಸಮಾಧಾನದ ಮಾತಲ್ಲ.

ದೊಡ್ಡವರ ಬಾಯಿಯೇ ಬೇರೆ

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಮೊದಲನೆಯದು ಬೆಳವಣಿಗೆ. ಹನ್ನೊಂದು ವರ್ಷದ ಮಗುವಿನ ದವಡೆ ಇನ್ನೂ ಬೆಳೆಯುತ್ತಿರುತ್ತದೆ, ಆ ಬೆಳವಣಿಗೆಯನ್ನು ಬೇಕಾದ ಕಡೆಗೆ ತಿರುಗಿಸಬಹುದು. ಅಂಗುಳಿನ ನಡುವಿನ ಕೂಡುಗೆರೆ ಬೆಸೆದಿರುವುದಿಲ್ಲವಾದ್ದರಿಂದ ಕಿರಿದಾದ ಮೇಲ್ದವಡೆಯನ್ನು ಸ್ಕ್ರೂ ತಿರುಗಿಸಿ ಅಗಲಿಸಬಹುದು. ದೊಡ್ಡವರಲ್ಲಿ ಆ ಗೆರೆ ಬೆಸೆದುಕೊಂಡಿರುತ್ತದೆ. ಕೆಳದವಡೆಯೇ ತೀರಾ ಹಿಂದೆ ಅಥವಾ ತೀರಾ ಮುಂದೆ ಇದ್ದರೆ ಬರೀ ತಂತಿಯಿಂದ ಸರಿಹೋಗದು, ದವಡೆಯ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಆ ಶಸ್ತ್ರಚಿಕಿತ್ಸೆಗೆ ಬೆಳವಣಿಗೆ ನಿಂತಿರಲೇಬೇಕು. ಅಂಥವರ ಪಾಲಿಗೆ ದೊಡ್ಡವರಾಗುವುದೇ ಚಿಕಿತ್ಸೆಯ ಸರಿಯಾದ ಹೊತ್ತು.

ಎರಡನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಒಸಡು. ಹಲ್ಲುಜ್ಜುವಾಗ ರಕ್ತ ಬರುವುದನ್ನು ನಮ್ಮಲ್ಲಿ ಬಹಳ ಮಂದಿ ಉಷ್ಣ ಎಂದು ಸುಮ್ಮನಾಗುತ್ತಾರೆ. ಅದು ಒಸಡಿನ ಉರಿಯೂತದ ಗುರುತು. ವರ್ಷಗಟ್ಟಲೆ ಬಿಟ್ಟರೆ ಹಲ್ಲಿನ ಸುತ್ತಲ ಮೂಳೆ ಕರಗುತ್ತದೆ, ಮುಂದಿನ ಹಲ್ಲುಗಳು ಬೀಸಣಿಗೆಯಂತೆ ಅಗಲುತ್ತವೆ, ಇಲ್ಲದ ಸಂದು ಹುಟ್ಟುತ್ತದೆ. ಮೂವತ್ತೈದು ದಾಟಿದ ಮೇಲೆ 'ನನ್ನ ಹಲ್ಲು ಇತ್ತೀಚೆಗೆ ಮುಂದೆ ಬರುತ್ತಿದೆ' ಎಂದು ಬರುವವರಲ್ಲಿ ಕಾರಣ ಹೆಚ್ಚಾಗಿ ಇದೇ. ಉರಿಯೂತ ಇದ್ದಾಗಲೇ ತಂತಿ ಹಾಕಿ ಎಳೆದರೆ ಮೂಳೆ ಇನ್ನಷ್ಟು ಬೇಗ ಕರಗುತ್ತದೆ, ಹಲ್ಲು ನೇರವಾಗುವ ಬದಲು ಉದುರುವ ದಾರಿ ಹಿಡಿಯುತ್ತದೆ. ಒಸಡಿನ ಚಿಕಿತ್ಸೆ ಮುಗಿದು ಉರಿಯೂತ ಹತೋಟಿಗೆ ಬಂದರೆ, ಸ್ವಲ್ಪ ಮೂಳೆ ಕಳೆದುಕೊಂಡ ಹಲ್ಲನ್ನೂ ಸುರಕ್ಷಿತವಾಗಿ ಸರಿಸಬಹುದು. ಆದ್ದರಿಂದ ಮೊದಲ ಭೇಟಿಯಲ್ಲಿ ವೈದ್ಯರು ಸಣ್ಣ ಅಳತೆಕಡ್ಡಿಯಿಂದ ಪ್ರತಿ ಹಲ್ಲಿನ ಸುತ್ತ ಒಸಡಿನ ಆಳ ಅಳೆಯಬೇಕು, ಎಕ್ಸ್‌ರೇಯಲ್ಲಿ ಮೂಳೆಯ ಮಟ್ಟ ನೋಡಬೇಕು. ಅದನ್ನು ಮಾಡದೆ ನೇರ ಕ್ಲಿಪ್ಪಿನ ದರಪಟ್ಟಿ ತೋರಿಸುವವರ ಬಳಿ ಚಿಕಿತ್ಸೆ ಶುರುಮಾಡಬೇಡಿ.

ಮೂರನೆಯದು ನಮ್ಮ ಮೈಯ ಇತಿಹಾಸ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ ಒಸಡು ತಡೆಯುವುದಿಲ್ಲ. ಮೂಳೆ ಸವೆತಕ್ಕೆ ಕೊಡುವ ಬಿಸ್‌ಫಾಸ್ಫೊನೇಟ್ ಔಷಧಿಗಳು ಆಸ್ಟಿಯೋಕ್ಲಾಸ್ಟ್‌ಗಳನ್ನೇ ತಡೆಯುವುದರಿಂದ ಹಲ್ಲಿನ ಚಲನೆ ನಿಧಾನವಾಗುತ್ತದೆ. ಈ ಔಷಧಿ ತೆಗೆದುಕೊಳ್ಳುವವರಿಗೆ ಹಲ್ಲು ಕೀಳಿಸುವುದೂ ಅಪಾಯದ ಕೆಲಸ. ಮುಟ್ಟು ನಿಂತ ಮೇಲೆ ಇಂಥ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುವ ಮಹಿಳೆಯರು ಇದನ್ನು ವೈದ್ಯರಿಗೆ ಹೇಳಲೇಬೇಕು. ಇನ್ನು ಬಾಲ್ಯದಲ್ಲಿ ಹುಳುಕಾಗಿ ಕೀಳಿಸಿದ ದವಡೆಹಲ್ಲಿನ ಜಾಗ. ಆರನೇ ವಯಸ್ಸಿಗೆ ಬರುವ ಮೊದಲ ದೊಡ್ಡ ದವಡೆಹಲ್ಲನ್ನು ಹಾಲುಹಲ್ಲೆಂದು ತಿಳಿದು ನಿರ್ಲಕ್ಷಿಸಿದ ಮನೆಗಳು ಲೆಕ್ಕವಿಲ್ಲದಷ್ಟು. ಆ ಖಾಲಿ ಜಾಗಕ್ಕೆ ಹಿಂದಿನ ಹಲ್ಲು ವಾಲಿರುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸಿದ ಮೇಲೆಯೇ ಇಂಪ್ಲಾಂಟ್ ಅಥವಾ ಬ್ರಿಡ್ಜ್ ಸರಿಯಾಗಿ ಕೂರುತ್ತದೆ. ಇಂಥವರಿಗೆ ಕ್ಲಿಪ್ಪು ಬೇಕಾಗುವುದು ಅಗಿಯಲಿಕ್ಕೆ, ಅಂದದ ಮಾತು ಆಮೇಲಿನದು.

ಉಕ್ಕಿನ ಬಳೆಯಿಂದ ಪಾರದರ್ಶಕ ಅಚ್ಚಿನವರೆಗೆ

ಅಮೆರಿಕದ ಎಡ್ವರ್ಡ್ ಆ್ಯಂಗಲ್ 1899ರಲ್ಲಿ ಮೊದಲ ದವಡೆಹಲ್ಲಿನ ಹೊಂದಾಣಿಕೆಯ ಮೇಲೆ ವಕ್ರದಂತಗಳನ್ನು ಮೂರು ವರ್ಗ ಮಾಡಿದರು. ವೈದ್ಯರು ಇಂದಿಗೂ ಕೇಸ್ ಶೀಟಿನಲ್ಲಿ ಬರೆಯುವುದು ಅದೇ ವರ್ಗವನ್ನು. ಆ ಕಾಲದಲ್ಲಿ ಹಲ್ಲುಗಳಿಗೆ ಲೋಹದ ಬಳೆ ತೊಡಿಸಬೇಕಿತ್ತು. ಬಾಯಿ ತೆರೆದರೆ ಲೋಹವೇ ಕಾಣುತ್ತಿತ್ತು. 1955ರಲ್ಲಿ ದಂತವೈದ್ಯ ಮೈಕೆಲ್ ಬ್ಯುನೊಕೋರ್ ಫಾಸ್ಫಾರಿಕ್ ಆಮ್ಲದಿಂದ ದಂತಕವಚವನ್ನು ತುಸು ಒರಟಾಗಿಸಿದರೆ ರಾಳ ಗಟ್ಟಿಯಾಗಿ ಹಿಡಿಯುತ್ತದೆ ಎಂದು ತೋರಿಸಿದರು. ಹಲ್ಲಿನ ಮೇಲೆ ಪುಟ್ಟ ಬ್ರಾಕೆಟ್ ಅಂಟಿಸುವ ಪದ್ಧತಿ ಬಂದದ್ದು ಅದರಿಂದ. 1970ರ ದಶಕದಲ್ಲಿ ಬಂದ ನಿಕ್ಕಲ್-ಟೈಟಾನಿಯಂ ತಂತಿ ಎಷ್ಟು ಬಾಗಿಸಿದರೂ ಮೊದಲಿನ ಆಕಾರಕ್ಕೆ ಮರಳುತ್ತ, ತಿಂಗಳುಗಟ್ಟಲೆ ಹಗುರವಾದ ಬಲ ಕೊಡುತ್ತದೆ. ಅದೇ ದಶಕದಲ್ಲಿ ಜಪಾನ್ ಮತ್ತು ಅಮೆರಿಕದಲ್ಲಿ ಹಲ್ಲಿನ ಒಳಬದಿಗೆ ಅಂಟಿಸುವ ಬ್ರಾಕೆಟ್‌ಗಳೂ ಬಂದವು. ಕೆಲಸಕ್ಕೆ ಹೋಗುವ ದೊಡ್ಡವರು ಈ ಚಿಕಿತ್ಸೆಯ ಕಡೆ ತಿರುಗಲು ದಾರಿ ಮಾಡಿದ್ದು ಇವು.

1997ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅಲೈನ್ ಟೆಕ್ನಾಲಜಿ ಕಂಪನಿ ಕಂಪ್ಯೂಟರಿನಲ್ಲಿ ಹಲ್ಲಿನ ಚಲನೆಯನ್ನು ಹಂತಹಂತವಾಗಿ ಯೋಜಿಸಿ, ಪ್ರತಿ ಹಂತಕ್ಕೊಂದು ಪಾರದರ್ಶಕ ಪ್ಲಾಸ್ಟಿಕ್ ಅಚ್ಚು ತಯಾರಿಸುವ 'ಇನ್‌ವಿಸಲೈನ್' ತಂದಿತು. 2017ರಲ್ಲಿ ಅದರ ಪ್ರಮುಖ ಪೇಟೆಂಟ್‌ಗಳ ಅವಧಿ ಮುಗಿಯತೊಡಗಿ ಭಾರತವೂ ಸೇರಿ ಎಲ್ಲೆಡೆ ಇಂಥ ಅಚ್ಚುಗಳನ್ನು, ಅಂದರೆ ಅಲೈನರ್‌ಗಳನ್ನು, ತಯಾರಿಸುವ ಕಂಪನಿಗಳು ತಲೆಯೆತ್ತಿದವು. ಅಲೈನರ್ ಕಾಣುವುದಿಲ್ಲ, ಊಟಕ್ಕೆ ತೆಗೆದಿಡಬಹುದು, ಹಲ್ಲುಜ್ಜಲು ಅಡ್ಡಿಯಿಲ್ಲ. ಆದರೆ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. ಗಂಟೆಗೊಮ್ಮೆ ಕಾಫಿ-ಟೀ ಕುಡಿಯುವವರಿಗೆ, ಮದುವೆ-ಮುಂಜಿಯ ಓಡಾಟದಲ್ಲಿ ತೆಗೆದಿಟ್ಟು ಮರೆಯುವವರಿಗೆ ಅದು ಒಗ್ಗದು. ತುಂಬಾ ತಿರುಚಿದ ಹಲ್ಲು, ಕಿತ್ತ ಜಾಗ ಮುಚ್ಚುವ ಕೆಲಸಗಳಲ್ಲಿ ತಂತಿಯ ಹಿಡಿತ ಈಗಲೂ ಹೆಚ್ಚು ನಂಬಿಕೆಯದು.

ವೈದ್ಯರ ಕೈಯಿಂದ ಈ ಚಿಕಿತ್ಸೆಯನ್ನು ಬಿಡಿಸಿ ಅಂಚೆಗೆ ಒಪ್ಪಿಸುವ ಪ್ರಯತ್ನವೂ ನಡೆಯಿತು. ಅಮೆರಿಕದ ಸ್ಮೈಲ್ ಡೈರೆಕ್ಟ್ ಕ್ಲಬ್ ಕಂಪನಿ ಗ್ರಾಹಕರೇ ಮನೆಯಲ್ಲಿ ತೆಗೆದ ಹಲ್ಲಚ್ಚಿನಿಂದಲೂ ಅಲೈನರ್ ತಯಾರಿಸಿ ಕಳಿಸುತ್ತಿತ್ತು. 2023ರ ಸೆಪ್ಟೆಂಬರಿನಲ್ಲಿ ಅದು ದಿವಾಳಿ ಅರ್ಜಿ ಹಾಕಿತು, ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ಅರ್ಧ ಸರಿದ ಹಲ್ಲುಗಳೊಂದಿಗೆ ಉಳಿದ ಗ್ರಾಹಕರಿಗೆ ಮುಂದಿನ ದಾರಿ ಹೇಳುವ ವೈದ್ಯರು ಎದುರಿಗಿರಲಿಲ್ಲ. ಮನೆಯಲ್ಲೇ ತೆಗೆದ ಅಚ್ಚು ಒಸಡಿನ ಆಳವನ್ನಾಗಲಿ ಮೂಳೆಯ ಮಟ್ಟವನ್ನಾಗಲಿ ಹೇಳುವುದಿಲ್ಲ. ದೊಡ್ಡವರ ಮಟ್ಟಿಗೆ ಅದೇ ಮೊದಲು ತಿಳಿಯಬೇಕಾದ ವಿಷಯ.

ನಾಲ್ಕು ಗಟ್ಟಿ ಹಲ್ಲು ಕೀಳಬೇಕೆ?

'ಚೆನ್ನಾಗಿರುವ ಹಲ್ಲು ಯಾಕೆ ಕೀಳ್ತಾರೆ ಡಾಕ್ಟ್ರೇ?' ಎಂಬ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಒಂದು ಹಲ್ಲನ್ನೂ ಕೀಳಬಾರದು ಎಂಬುದು ಆ್ಯಂಗಲ್ ಅವರ ಪಟ್ಟು. 1911ರಲ್ಲಿ ಮತ್ತೊಬ್ಬ ದಂತವೈದ್ಯ ಕ್ಯಾಲ್ವಿನ್ ಕೇಸ್ ಅದನ್ನು ಬಹಿರಂಗವಾಗಿ ಪ್ರಶ್ನಿಸಿದರು. ಮುಂದೆ ಆ್ಯಂಗಲ್ ಅವರ ಶಿಷ್ಯ ಚಾರ್ಲ್ಸ್ ಟ್ವೀಡ್, ಹಲ್ಲು ಕೀಳದೆ ಚಿಕಿತ್ಸೆ ಮಾಡಿದ ತಮ್ಮದೇ ರೋಗಿಗಳಲ್ಲಿ ಹಲ್ಲುಗಳು ಮತ್ತೆ ಕೆಟ್ಟದ್ದನ್ನು ಕಂಡು, ಹಲ್ಲು ಕಿತ್ತು ಮರುಚಿಕಿತ್ಸೆ ಮಾಡಿ ತೋರಿಸಿದರು. ಇಂದು ಯಾರೂ ಒಂದೇ ಪಟ್ಟಿಗೆ ಅಂಟಿಕೊಂಡಿಲ್ಲ. ದವಡೆಯಲ್ಲಿ ಜಾಗ ಎಷ್ಟಿದೆ, ತುಟಿ ಎಷ್ಟು ಮುಂದಿದೆ, ಒಸಡು ತೆಳುವೋ ದಪ್ಪವೋ ನೋಡಿ ತೀರ್ಮಾನಿಸುತ್ತಾರೆ. ಎರಡೂ ದವಡೆಯ ಮುಂಭಾಗ ಚಾಚಿ, ತುಟಿ ಮುಚ್ಚಲು ಶ್ರಮ ಪಡುವವರಲ್ಲಿ ನಾಲ್ಕು ಮುಂದವಡೆಹಲ್ಲು ಕೀಳುವುದರಿಂದ ನಿಜವಾದ ಉಪಯೋಗವಿದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಆ್ಯಂಗಲ್ ಆದರ್ಶವೆಂದು ಮುಂದಿಟ್ಟ ಮುಖ ಯುರೋಪಿನ ಅಪೊಲೊ ಶಿಲ್ಪದ್ದು. ಅಳತೆಯ ಹಳೆಯ ಮಾನದಂಡಗಳು ಬಿಳಿಯರ ಮುಖಗಳಿಂದ ಹುಟ್ಟಿದವು. ತುಸು ತುಂಬಿದ ತುಟಿ ನಮ್ಮ ನಾಡಿನ ಮುಖಗಳಿಗೆ ಸಹಜ, ಅದು ರೋಗವಲ್ಲ. ನಮ್ಮವರ ಅಳತೆಗಳು ಬೇರೆ ಎಂಬುದನ್ನು ಭಾರತದ ಸಂಶೋಧಕರೂ ದಾಖಲಿಸಿದ್ದಾರೆ. ವೈದ್ಯರೊಂದಿಗೆ ಕೂತು, ಚಿಕಿತ್ಸೆಯ ನಂತರ ಮುಖದ ಪಕ್ಕನೋಟ ಹೇಗಾಗುತ್ತದೆ ಎಂದು ಕೇಳಿ ತಿಳಿದೇ ಒಪ್ಪಿಗೆ ಕೊಡಬೇಕು. ಕಿತ್ತ ಹಲ್ಲು ಮರಳಿ ಬರುವುದಿಲ್ಲ.

ನಮ್ಮ ನೀರು, ನಮ್ಮ ಊಟ

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಕೊಳವೆಬಾವಿ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಪಟ್ಟೆಗಳಿರುವುದು ನಮಗೆಲ್ಲ ಗೊತ್ತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಅಡ್ಡಿಯಿಲ್ಲ ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರು ಕುಡಿದು ಬೆಳೆದಾಗ ರೂಪುಗೊಂಡ ದಂತಕವಚದ ಹೊರಪದರ ಆಮ್ಲಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ಅಂಟಿಸಿದ ಬ್ರಾಕೆಟ್ ಪದೇ ಪದೇ ಕಳಚುತ್ತದೆ. ಆ ಸೀಮೆಯ ವೈದ್ಯರು ಹೆಚ್ಚು ಹೊತ್ತು ಆಮ್ಲ ಹಚ್ಚಿ, ಮೇಲ್ಪದರ ತುಸು ಉಜ್ಜಿ ಅಂಟಿಸುತ್ತಾರೆ. ಫ್ಲೋರೋಸಿಸ್, ಅಂದರೆ ಫ್ಲೋರೈಡಿನ ಈ ತೊಂದರೆ, ಇದ್ದವರಿಗೆ ಈ ಚಿಕಿತ್ಸೆ ಆಗುವುದಿಲ್ಲ ಎನ್ನುವುದು ತಪ್ಪು. ಅನುಭವವಿರುವ ಕೈ ಬೇಕು, ಅಷ್ಟೆ.

ಎಲೆ ಅಡಿಕೆ, ಗುಟ್ಕಾ ಬಿಡದವರ ಮಾತು ಬೇರೆ. ಗಟ್ಟಿ ಅಡಿಕೆ ಬ್ರಾಕೆಟ್ ಕಳಚುತ್ತದೆ, ತಂಬಾಕು ಒಸಡನ್ನು ಕೆಡಿಸುತ್ತದೆ, ಅಡಿಕೆಯ ಚಟ ಒಳಗೆನ್ನೆಯನ್ನು ಬಿಗಿಯಾಗಿಸಿ ಬಾಯಿ ತೆರೆಯುವುದನ್ನೇ ಕಡಿಮೆ ಮಾಡುತ್ತದೆ. ಚಟ ಬಿಡದೆ ಈ ಚಿಕಿತ್ಸೆಗೆ ಕೂರುವುದು ಹಣ ಹಾಳು.

ಊಟದ ವಿಷಯದಲ್ಲಿ ಹಳೇ ಮೈಸೂರಿನವರ ಭಾಗ್ಯ ದೊಡ್ಡದು. ಅಗಿಯದೆ ನುಂಗುವ ರಾಗಿಮುದ್ದೆಗಿಂತ ಒಳ್ಳೆಯ ಊಟ ಕ್ಲಿಪ್ಪು ಹಾಕಿಸಿಕೊಂಡ ಮೊದಲ ವಾರಕ್ಕೆ ಇಲ್ಲ. ಅನ್ನ-ಸಾರು, ಇಡ್ಲಿ, ಉಪ್ಪಿಟ್ಟು, ಮೊಸರನ್ನ, ಗಂಜಿ ಎಲ್ಲವೂ ಒಗ್ಗುತ್ತವೆ. ಉತ್ತರ ಕರ್ನಾಟಕದವರು ಕಟಕ್ ರೊಟ್ಟಿ ಬದಿಗಿಟ್ಟು ಬಿಸಿ ಮೆತ್ತನೆ ರೊಟ್ಟಿಯನ್ನು ಪಲ್ಯದಲ್ಲಿ ನೆನೆಸಿ ತಿನ್ನಬೇಕು. ಚಕ್ಕುಲಿ, ಕೋಡುಬಳೆ, ಕಬ್ಬಿನ ಜಲ್ಲೆ, ಸಂಕ್ರಾಂತಿಯ ಸಕ್ಕರೆ ಅಚ್ಚು ಮತ್ತು ಕೊಬ್ಬರಿ ಚೂರುಗಳಿಗೆ ಚಿಕಿತ್ಸೆ ಮುಗಿಯುವವರೆಗೆ ರಜೆ. ತಂತಿಯನ್ನು ಬ್ರಾಕೆಟ್ಟಿಗೆ ಹಿಡಿಸುವ ಬಿಳಿ ರಬ್ಬರ್ ಬಳೆಗಳು ಸಾರಿನ ಅರಿಸಿನಕ್ಕೆ ಒಂದೇ ದಿನದಲ್ಲಿ ಹಳದಿಯಾಗುತ್ತವೆ. ಬೂದು ಬಣ್ಣದ್ದು ಕೇಳಿ ಹಾಕಿಸಿಕೊಳ್ಳಬಹುದು. ಓಲಗ, ಕೊಳಲು ನುಡಿಸುವವರು ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು, ಬ್ರಾಕೆಟ್ ಅವರ ತುಟಿಯ ಒಳಬದಿಯನ್ನು ಒತ್ತುತ್ತದೆ. ತಂತಿ ಬಿಗಿಮಾಡಿದ ಎರಡು-ಮೂರು ದಿನ ನೋವಿರುತ್ತದೆ. ಅದಕ್ಕೆ ಪ್ಯಾರಾಸಿಟಮಾಲ್ ವಾಸಿ. ಐಬುಪ್ರೊಫೇನಿನಂಥ ಮಾತ್ರೆಗಳನ್ನು ದಿನಗಟ್ಟಲೆ ನುಂಗಿದರೆ ಹಲ್ಲಿನ ಚಲನೆಗೆ ಬೇಕಾದ ಪ್ರೊಸ್ಟಗ್ಲಾಂಡಿನ್‌ಗಳೇ ಕಡಿಮೆಯಾಗುತ್ತವೆ.

ಯಾರ ಬಳಿ, ಎಷ್ಟು ಖರ್ಚು

ಬಿಡಿಎಸ್ ಐದು ವರ್ಷದ ಓದು. ವಕ್ರದಂತ ಚಿಕಿತ್ಸೆಯಲ್ಲಿ ಎಂಡಿಎಸ್ ಮಾಡಲು ಇನ್ನೂ ಮೂರು ವರ್ಷ ಬೇಕು. ದೊಡ್ಡವರ ಬಾಯಿಯ ಜಟಿಲತೆಗೆ ಆ ಮೂರು ವರ್ಷದ ಓದು ಬೇಕೇಬೇಕು. 'ಡಾಕ್ಟ್ರೇ, ನಿಮ್ಮ ಎಂಡಿಎಸ್ ಯಾವ ವಿಷಯದಲ್ಲಿ?' ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ಖಾಸಗಿ ಕ್ಲಿನಿಕ್ಕಿನಲ್ಲಿ ಲೋಹದ ಕ್ಲಿಪ್ಪಿಗೆ ಹತ್ತಾರು ಸಾವಿರ ರೂಪಾಯಿ, ಅಲೈನರಿಗೆ ಲಕ್ಷ ದಾಟುವುದು ಸಾಮಾನ್ಯ. ಆರೋಗ್ಯ ವಿಮೆಯಿಂದ ಈ ಚಿಕಿತ್ಸೆಗೆ ಬಹುತೇಕ ಏನೂ ಸಿಗುವುದಿಲ್ಲ. ಆದರೆ ಕನ್ನಡಿಗರಿಗೆ ಒಂದು ಅನುಕೂಲವಿದೆ: ದೇಶದಲ್ಲೇ ಅತಿ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಬೆಂಗಳೂರು, ಮೈಸೂರು, ಮಂಗಳೂರು, ಮಣಿಪಾಲ, ದಾವಣಗೆರೆ, ಧಾರವಾಡ, ಬೆಳಗಾವಿಯ ಕಾಲೇಜು ಆಸ್ಪತ್ರೆಗಳಲ್ಲಿ ಪ್ರಾಧ್ಯಾಪಕರ ಕಣ್ಗಾವಲಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಚಿಕಿತ್ಸೆ ಮಾಡುತ್ತಾರೆ. ಖರ್ಚು ಕಡಿಮೆ, ಪರೀಕ್ಷೆ ವಿವರವಾದದ್ದು, ಒಸಡಿನ ವಿಭಾಗ ಅದೇ ಕಟ್ಟಡದಲ್ಲಿ. ಕಾಯುವ ಹೊತ್ತು ಮಾತ್ರ ಹೆಚ್ಚು. ಚಿಕಿತ್ಸೆ ಮುಗಿಯುವ ಮೊದಲೇ ವಿದ್ಯಾರ್ಥಿಯ ಓದು ಮುಗಿದರೆ ನಿಮ್ಮನ್ನು ಇನ್ನೊಬ್ಬರಿಗೆ ಒಪ್ಪಿಸುತ್ತಾರೆ, ಮೊದಲೇ ಕೇಳಿಟ್ಟುಕೊಳ್ಳಿ.

ಕ್ಲಿಪ್ಪು ತೆಗೆದ ಮೇಲೆ

ಬಹಳ ಮಂದಿ ಸೋಲುವುದು ಇಲ್ಲಿ. ಸರಿದ ಹಲ್ಲಿನ ಸುತ್ತಲ ಒಸಡಿನ ನಾರುಗಳು ಹೊಸ ಜಾಗಕ್ಕೆ ಒಗ್ಗಲು ತಿಂಗಳುಗಳೇ ಬೇಕು, ಅಲ್ಲಿಯವರೆಗೆ ಅವು ಹಲ್ಲನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತವೆ. ಅದಾದ ಮೇಲೂ ವಯಸ್ಸಿನೊಂದಿಗೆ ಕೆಳಗಿನ ಮುಂಭಾಗದ ಹಲ್ಲುಗಳು ಒತ್ತಿಕೊಳ್ಳುವುದು ಸಹಜ. ಕ್ಲಿಪ್ಪು ಹಾಕಿಸದವರಲ್ಲೂ ಹೀಗಾಗುತ್ತದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಲಿಟಲ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೇನರ್ ನಿಲ್ಲಿಸಿ ಹತ್ತು ವರ್ಷ ಕಳೆದವರಲ್ಲಿ ಕೆಳ ಮುಂಭಾಗದ ಹಲ್ಲುಗಳು ತೃಪ್ತಿಕರವಾಗಿ ಉಳಿದದ್ದು ಮೂರರಲ್ಲಿ ಒಂದು ಭಾಗಕ್ಕೂ ಕಡಿಮೆ ಮಂದಿಗೆ. ಆದ್ದರಿಂದ ಹಲ್ಲಿನ ಹಿಂಬದಿಗೆ ಅಂಟಿಸುವ ತಂತಿಯಾಗಲಿ, ರಾತ್ರಿ ತೊಡುವ ಅಚ್ಚಾಗಲಿ, ಹಲ್ಲು ನೇರವಾಗಿ ಇರಬೇಕು ಎನ್ನುವಷ್ಟು ಕಾಲವೂ ರಿಟೇನರ್ ಬೇಕು. ಒಸಡಿನ ಕಾಯಿಲೆಯಿಂದ ಹಲ್ಲು ಅಗಲಿದ್ದವರಿಗೆ ಅದು ಜೀವನಪರ್ಯಂತದ ಒಪ್ಪಂದ.

ಯಾರೂ ಈ ಚಿಕಿತ್ಸೆಯನ್ನು ಹೆದರಿಕೆಯಿಂದ ಮಾಡಿಸಬೇಕಿಲ್ಲ. ಹಲ್ಲು ಸ್ವಲ್ಪ ಓರೆ ಇದ್ದ ಮಾತ್ರಕ್ಕೆ ಉದುರುವುದಿಲ್ಲ. ಚೆನ್ನಾಗಿ ಉಜ್ಜಿ, ಒಸಡು ಆರೋಗ್ಯವಾಗಿಟ್ಟುಕೊಂಡು, ಸಂದು ಹಲ್ಲು ತಮ್ಮ ಅದೃಷ್ಟ ಎಂದು ಬಾಯ್ತುಂಬ ನಗುವವರ ಮುಂದೆ ಯಾವ ತಜ್ಞರೂ ಕ್ಲಿಪ್ಪು ಹಿಡಿದು ನಿಲ್ಲಬೇಕಾಗಿಲ್ಲ. ಆದರೆ ಬೇಕು ಅನ್ನಿಸಿದವರಿಗೆ, ವಯಸ್ಸಾಯಿತು ಎಂಬ ಒಂದೇ ಕಾರಣಕ್ಕೆ ಬೇಡ ಎನ್ನುವ ಹಕ್ಕು ಮನೆಯವರಿಗೂ ಇಲ್ಲ, ನೆಂಟರಿಷ್ಟರಿಗೂ ಇಲ್ಲ. ಮಕ್ಕಳ ಫೀಸು, ಮನೆಯ ಸಾಲ, ಅತ್ತೆ-ಮಾವಂದಿರ ಔಷಧಿ ಎಲ್ಲ ಮುಗಿದ ಮೇಲೆ ತಮ್ಮ ಸರದಿ ಎಂದು ಕಾಯುತ್ತ ಬಂದ ಹೆಂಗಸರೇ ಈ ಸಾಲಿನಲ್ಲಿ ಬಹಳ. ಅವರು ಮೊದಲು ಒಸಡು ತೋರಿಸಲಿ, ಎಕ್ಸ್‌ರೇ ತೆಗೆಸಲಿ, ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ ಉತ್ತರ ಪಡೆಯಲಿ. ಒಸಡು ಸರಿಯಿದ್ದು ತಜ್ಞರು ಹೂಂ ಎಂದರೆ ಇನ್ನೊಂದು ವರ್ಷ ಮುಂದೂಡದೆ ಚಿಕಿತ್ಸೆಗೆ ಕೂರಲಿ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುವ ದಿನ ಅಡುಗೆಮನೆಯ ಕೆಲಸವನ್ನು ಮನೆಯ ಉಳಿದವರು ನೋಡಿಕೊಳ್ಳಲಿ.